ಹಳೇ ಲ್ಯಾಪ್‌ಟಾಪಿಗೆ ಹೊಸ ಡಿಸ್ಕು ಕೂರಿಸುವುದು
(ವಿಜ್ಞಾನ ಮೂಲೆ – ಏಳನೇ ತರಗತಿ)

ಹೋದ ಸಂಚಿಕೆಯ ವಿಜ್ಞಾನ ಮೂಲೆಯಲ್ಲಿ ಆರನೇ ತರಗತಿಯವರು ಸೈಕಲ್ ಡೈನಮೋ ಬಗ್ಗೆ ಬರೆದಿದ್ದರು. ಈ ಸಲ ನಮ್ಮ ತರಗತಿಯ ಪಾಳಿ. ನಾನು ಆರಿಸಿಕೊಂಡಿರುವ ವಿಷಯ ಹಾರ್ಡ್ ಡಿಸ್ಕು. ಇಪ್ಪತ್ತು ವರ್ಷ ಹಳೆಯ ಲ್ಯಾಪ್‌ಟಾಪಿನ ಹಾರ್ಡ್ ಡಿಸ್ಕು ಕೆಟ್ಟರೆ ಅದರ ಜಾಗಕ್ಕೆ ಈಗಿನ ಕಾಲದ್ದನ್ನು ಕೂರಿಸಲು ಆಗುತ್ತದೆಯೇ? ಆಗುತ್ತೆ. ಆದರೆ ಯಾವುದನ್ನು, ಹೇಗೆ, ಯಾವ ಕೆಲಸ ಮೊದಲು ಅನ್ನೋದು ಗೊತ್ತಿರಬೇಕು.

ಹಾರ್ಡ್ ಡಿಸ್ಕಿನ ಒಳಗೆ ಏನಿರುತ್ತೆ ಅಂತ ಮೊದಲು ನೋಡೋಣ. ನುಣುಪಾದ ಒಂದೋ ಎರಡೋ ತಟ್ಟೆ ಇರುತ್ತವೆ. ಲ್ಯಾಪ್‌ಟಾಪಿನದಾದರೆ ಬಹುಪಾಲು ಗಾಜಿನ ತಟ್ಟೆ. ಅದರ ಮೇಲೆ ಅಯಸ್ಕಾಂತದ ಗುಣ ಇರುವ ತೆಳು ಲೇಪ. ತಟ್ಟೆ ನಿಮಿಷಕ್ಕೆ 4200 ಅಥವಾ 5400 ಸುತ್ತು ತಿರುಗುತ್ತೆ. 4200ನ್ನು 60ರಿಂದ ಭಾಗಿಸಿ ನೋಡಿ, ಸೆಕೆಂಡಿಗೆ 70 ಸುತ್ತು! ಅದರ ಮೇಲೆ ಒಂದು ಸಣ್ಣ ತೋಳು ಆಚೆ ಈಚೆ ಆಡುತ್ತೆ. ತೋಳಿನ ತುದಿಯಲ್ಲಿ ಓದುವ ಬರೆಯುವ 'ಹೆಡ್' ಇದೆ. ಗ್ರಾಮಫೋನಿನ ಮುಳ್ಳು ತಟ್ಟೆಯನ್ನು ಮುಟ್ಟಿಕೊಂಡು ಹೋಗುತ್ತೆ, ಇದು ಮುಟ್ಟುವುದಿಲ್ಲ. ತಟ್ಟೆ ತಿರುಗುವಾಗ ಏಳುವ ಗಾಳಿಯ ಮೇಲೆ ತೇಲುತ್ತದೆ. ಆ ಸಂದು ನಮ್ಮ ತಲೆಗೂದಲಿನ ದಪ್ಪದ ಸಾವಿರದ ಒಂದು ಪಾಲಿಗಿಂತಲೂ ಕಡಿಮೆ. ಅದಕ್ಕೇ ಡಿಸ್ಕಿನ ಮುಚ್ಚಳ ಬಿಚ್ಚಬಾರದು ಅನ್ನೋದು. ಧೂಳಿನ ಒಂದು ಕಣ ಒಳಗೆ ಹೋದರೂ ಹೆಡ್ಡಿಗೆ ಅದು ಬಂಡೆ.

ಪ್ರಪಂಚದ ಮೊದಲ ಹಾರ್ಡ್ ಡಿಸ್ಕನ್ನು ಐಬಿಎಂ ಕಂಪನಿ 1956ರಲ್ಲಿ ಮಾಡಿತು. ಅದರಲ್ಲಿ 24 ಅಂಗುಲದ 50 ತಟ್ಟೆಗಳಿದ್ದವು. ಹಿಡಿಯುತ್ತಿದ್ದದ್ದು 50 ಲಕ್ಷ ಅಕ್ಷರ, ಅಷ್ಟೇ. ಲ್ಯಾಪ್‌ಟಾಪಿಗೆ ಹೊಂದುವ ಎರಡೂವರೆ ಅಂಗುಲದ ಡಿಸ್ಕು 1988ರಲ್ಲಿ ಬಂತು. ಆ ಅಳತೆ ಇವತ್ತಿಗೂ ಉಳಿದಿದೆ. ನಮ್ಮ ಕೆಲಸ ಸುಲಭವಾಗಲು ಅದೇ ಮೊದಲ ಕಾರಣ.

ಡಿಸ್ಕು ಯಾಕೆ ಕೆಡುತ್ತೆ? ತಿರುಗುವುದು ಯಾವುದಾದರೂ ಸವೆಯಲೇಬೇಕು. ಬೇರಿಂಗ್ ಸವೆಯುತ್ತೆ, ಹೆಡ್ಡು ದುರ್ಬಲವಾಗುತ್ತೆ, ತಟ್ಟೆಯ ಕೆಲವು ಜಾಗ ಓದಲು ಬಾರದಂತಾಗುತ್ತೆ. ಡಿಸ್ಕಿನಲ್ಲಿ 512 ಬೈಟಿನ ಸಣ್ಣ ಸಣ್ಣ ಮನೆಗಳಿರುತ್ತವೆ, ಅವಕ್ಕೆ ಸೆಕ್ಟರ್ ಅಂತ ಹೆಸರು. ಒಂದು ಸೆಕ್ಟರ್ ಹಾಳಾದರೆ ಡಿಸ್ಕು ತಾನೇ ಗುಟ್ಟಾಗಿ ಬೇರೆ ಕಡೆ ಇಟ್ಟಿರುವ ಖಾಲಿ ಸೆಕ್ಟರನ್ನು ಅದರ ಬದಲಿಗೆ ಕೊಡುತ್ತದೆ. ನಮಗೆ ಗೊತ್ತೇ ಆಗುವುದಿಲ್ಲ. ಖಾಲಿ ಸೆಕ್ಟರುಗಳು ತೀರಿದ ಮೇಲೆ ಅಥವಾ ಹೆಡ್ಡೇ ಸೋತ ಮೇಲೆ ಗೊತ್ತಾಗುತ್ತೆ. 'ಟಕ್, ಟಕ್' ಅಂತ ಶಬ್ದ ಬರುತ್ತಲ್ಲ, ಅದು ತಟ್ಟೆ ಒಡೆದ ಶಬ್ದ ಅಲ್ಲ. ಹೆಡ್ಡು ತನ್ನ ಗುರುತು ಹುಡುಕಿ ಸಿಗದೆ ಮೊದಲಿನ ಜಾಗಕ್ಕೆ ಹೋಗಿ ಮತ್ತೆ ಮತ್ತೆ ಬರುವ ಶಬ್ದ. ದಾರಿ ತಪ್ಪಿದ ಕರು ಕೊಟ್ಟಿಗೆ ಬಾಗಿಲಿಗೆ ಬಂದು ಬಂದು ತಿರುಗಿದ ಹಾಗೆ.

ನಮ್ಮ ಲೈಬ್ರರಿ ಬೀರುವಿನ ಪಕ್ಕದ ಮೇಜಿನ ಮೇಲಿರುವ ಕಪ್ಪು ಲ್ಯಾಪ್‌ಟಾಪು ಈ ವರ್ಷ ಹೀಗೇ ಟಕ್ ಟಕ್ ಅನ್ನತೊಡಗಿತ್ತು. ಅದು 2004ರದ್ದು. ನಮ್ಮ ಶಾಲೆಯಲ್ಲಿ ಹಿಂದೆ ಹೆಡ್‌ಮೇಷ್ಟ್ರಾಗಿದ್ದು ಈಗ ನಿವೃತ್ತರಾಗಿರುವವರು ಶಾಲೆಗೆ ಕೊಟ್ಟದ್ದು. ಕೆಲವರಿಗೆ ಅದು ಹಳೇ ಸಾಮಾನು. ಆದರೆ ಅದರೊಳಗೆ 143 ಹಾಡುಗಳಿವೆ. ಮೇಷ್ಟ್ರು 2005ರಿಂದ 2011ರವರೆಗೆ ನಮ್ಮೂರಿನ ಅಜ್ಜಿಯರ ಮನೆಮನೆಗೆ ಹೋಗಿ ಸೋಬಾನೆ ಪದ, ರಾಗಿ ಬೀಸೋ ಪದ ಹೇಳಿಸಿ ಬರೆದುಕೊಂಡು, ರಾತ್ರಿ ಕೂತು ಒಂದೊಂದೇ ಬೆರಳಲ್ಲಿ ಟೈಪ್ ಮಾಡಿದ್ದರು. ಬರೆದುಕೊಂಡ ನೋಟ್‌ಬುಕ್ಕುಗಳನ್ನು ಗೆದ್ದಲು ತಿಂದವು. ಹಾಡು ಹೇಳಿದ ಅಜ್ಜಿಯರಲ್ಲಿ ಈಗ ಇಬ್ಬರೇ ಇರುವುದು. ಅಂದರೆ ಆ ಡಿಸ್ಕು ಪೂರ್ತಿ ನಿಂತುಹೋದರೆ ಹಾಡುಗಳೂ ಹೋದವು ಅಂತಲೇ ಲೆಕ್ಕ. ಬೀಸೋ ಕಲ್ಲು ತಿರುಗಿಸುತ್ತಾ ಹೇಳಿದ ಹಾಡು ಇನ್ನೊಂದು ತಿರುಗೋ ತಟ್ಟೆ ಮೇಲೆ ಕೂತಿದೆಯಲ್ಲ ಅಂತ ಮೇಷ್ಟ್ರೇ ಒಮ್ಮೆ ನಕ್ಕಿದ್ದರು.

ಪೇಟೆಯ ಒಂದು ಅಂಗಡಿಯವರು ಲ್ಯಾಪ್‌ಟಾಪನ್ನು ಬಿಚ್ಚದೆಯೇ "ಇದು ಗುಜರಿಗೆ ಹಾಕೋ ಮಾಲು, ಹೊಸದು ತಗೊಳ್ಳಿ" ಅಂದುಬಿಟ್ಟರು. ನನ್ನ ಸೋದರಮಾವ ತಾಲ್ಲೂಕು ಕೇಂದ್ರದಲ್ಲಿ ಮೊಬೈಲ್, ಕಂಪ್ಯೂಟರ್ ರಿಪೇರಿ ಮಾಡ್ತಾರೆ. ಮೇಷ್ಟ್ರು ಅವರ ಹತ್ತಿರ ಬಂದು "ನೋಡಪ್ಪಾ, ಮಿಷನ್ನು ಹೋದರೆ ಹೋಗಲಿ, ಹಾಡು ಉಳಿಸಿಕೊಡು" ಅಂದರು. ಮಾವ "ಎರಡೂ ಉಳಿಸೋಣ ಸಾರ್, ಆದರೆ ಇವತ್ತಿಂದ ಇದನ್ನ ಆನ್ ಮಾಡ್ಬೇಡಿ" ಅಂದರು. ಬೇಸಿಗೆ ರಜೆಯಲ್ಲಿ ನಾನು ಮಾವನ ಅಂಗಡಿಯಲ್ಲಿ ಇದ್ದೆ, ಪೂರ್ತಿ ಕೆಲಸ ನೋಡಿದೆ. ಕೆಳಗೆ ಬರೆದಿರುವುದು ಅಲ್ಲಿ ಕಲಿತದ್ದು.

ಎಲ್ಲಕ್ಕಿಂತ ಮೊದಲು ಮಾಡಬೇಕಾದ್ದು ಹಳೆಯ ಡಿಸ್ಕಿನ ನಕಲು. ಹೊಸ ಡಿಸ್ಕು ತರೋದು ಆಮೇಲೆ. ಕೆಡುತ್ತಿರುವ ಡಿಸ್ಕು ತಿರುಗುವ ಪ್ರತಿ ನಿಮಿಷವೂ ಅದರ ಆಯುಸ್ಸಿನಿಂದ ಕಳೆಯುತ್ತೆ. ಆದ್ದರಿಂದ ವಿಂಡೋಸ್ ಹಾಕಿಕೊಂಡು ಫೋಲ್ಡರ್ ತೆರೆದು ಒಂದೊಂದೇ ಫೈಲು ಎಳೆಯುತ್ತಾ ಕೂರಬಾರದು. ಡಿಸ್ಕು ಸರಿಪಡಿಸುತ್ತೇನೆ ಅನ್ನುವ ಪ್ರೋಗ್ರಾಮನ್ನೂ ನಕಲಿಗೆ ಮೊದಲು ಓಡಿಸಬಾರದು. ಅದು ಸಾಯುತ್ತಿರುವ ಡಿಸ್ಕಿನ ಮೇಲೆಯೇ ಬರೆಯಲು ಶುರು ಮಾಡುತ್ತೆ. ಇನ್ನೊಂದು ಮಾತು, ಡಿಸ್ಕನ್ನು ಫ್ರಿಜ್ಜಿನಲ್ಲಿಟ್ಟರೆ ಸರಿಹೋಗುತ್ತೆ ಅಂತ ಯಾರಾದರೂ ಹೇಳಿದರೆ ಕೇಳಬೇಡಿ. ಆಚೆ ತೆಗೆದ ತಕ್ಷಣ ತಣ್ಣನೆ ಲೋಟದ ಮೇಲೆ ಕೂರುವ ಹಾಗೆ ನೀರಿನ ಹನಿ ಕೂರುತ್ತೆ.

ಮಾವ ಡಿಸ್ಕನ್ನು ಬಿಚ್ಚಿ, ಯುಎಸ್‌ಬಿಗೆ ಬದಲಾಯಿಸುವ ಒಂದು ಕೇಬಲ್ ಮೂಲಕ ಲಿನಕ್ಸ್ ಇರುವ ಬೇರೆ ಕಂಪ್ಯೂಟರಿಗೆ ಸೇರಿಸಿದರು. ಗ್ನೂ ಡಿಡಿರೆಸ್ಕ್ಯೂ ಎಂಬ ಪ್ರೋಗ್ರಾಮ್ ಇದೆ, ದುಡ್ಡು ಕೊಡಬೇಕಾಗಿಲ್ಲ. ಅದರ ಜಾಣತನ ನನಗೆ ತುಂಬಾ ಹಿಡಿಸಿತು. ಮಾಮೂಲಿ ನಕಲು ಮಾಡುವ ಪ್ರೋಗ್ರಾಮು ಹಾಳಾದ ಜಾಗ ಸಿಕ್ಕರೆ ಅಲ್ಲೇ ಗುದ್ದಾಡುತ್ತಾ ನಿಂತುಬಿಡುತ್ತೆ. ಇದು ಹಾಗಲ್ಲ. ಮೊದಲ ಸುತ್ತಿನಲ್ಲಿ ಚೆನ್ನಾಗಿರುವುದನ್ನೆಲ್ಲ ಬೇಗ ಬೇಗ ಬಾಚಿಕೊಂಡು, ತೊಂದರೆ ಕೊಡುವ ಜಾಗವನ್ನು ಹಾರಿ ಮುಂದೆ ಹೋಗುತ್ತೆ. ಕಡಲೆಕಾಯಿ ಕಿತ್ತ ಮೇಲೆ ಉಳಿದದ್ದನ್ನು ಆಯಲು ಇನ್ನೊಂದು ಸಲ ಬರುತ್ತಾರಲ್ಲ, ಹಾಗೆ ಆಮೇಲೆ ಹಾರಿಬಿಟ್ಟ ಜಾಗಗಳಿಗೆ ಮರಳಿ ಬಂದು ಎರಡೂ ಕಡೆಯಿಂದ ಮೆಲ್ಲಗೆ ಕೆದಕುತ್ತೆ. ಎಲ್ಲಿವರೆಗೆ ಆಯಿತು, ಎಲ್ಲಿ ಬಾಕಿ ಅನ್ನುವುದನ್ನು 'ಮ್ಯಾಪ್' ಎಂಬ ಒಂದು ಸಣ್ಣ ಫೈಲಿನಲ್ಲಿ ಬರೆದಿಡುತ್ತೆ.

ಆ ಮ್ಯಾಪಿನ ಬೆಲೆ ಅದೇ ದಿನ ಗೊತ್ತಾಯಿತು. ಮೊದಲ ಸುತ್ತು ಎರಡು ಗಂಟೆಯಲ್ಲಿ ಮುಗಿದು ಎರಡನೆಯದು ನಡೆಯುತ್ತಿದ್ದಾಗ, ಸಂಜೆ ಏಳಕ್ಕೆ ಕರೆಂಟು ಹೋಯಿತು. ಯುಪಿಎಸ್ ಹತ್ತು ನಿಮಿಷಕ್ಕೆ ಕೂಗಿ ಸುಮ್ಮನಾಯಿತು. ನನಗೆ ಹೊಟ್ಟೆಯಲ್ಲಿ ಏನೋ ಆಯಿತು. ಮಾವ ಮಾತ್ರ ಬಾಗಿಲಲ್ಲಿ ಕೂತು ಟೀ ಕುಡಿದರು. ಒಂಬತ್ತಕ್ಕೆ ಕರೆಂಟು ಬಂದಾಗ ಅದೇ ಆಜ್ಞೆ ಮತ್ತೆ ಕೊಟ್ಟರು. ಪ್ರೋಗ್ರಾಮು ಮ್ಯಾಪ್ ಓದಿ, ಬಿಟ್ಟ ಜಾಗದಿಂದಲೇ ಹಿಡಿದುಕೊಂಡಿತು. ರಾತ್ರಿಯೆಲ್ಲ ಓಡಿ ಬೆಳಿಗ್ಗೆ ನೋಡಿದರೆ, 40 ಜಿಬಿ ಡಿಸ್ಕಿನಲ್ಲಿ ಓದಲಾಗದೆ ಉಳಿದದ್ದು ಬರೀ 3 ಎಂಬಿ ಚಿಲ್ಲರೆ. ಆ 3 ಎಂಬಿ ಯಾವ ಫೈಲಿಗೆ ಸೇರಿದ್ದು ಅನ್ನೋದು ಆಗ ಗೊತ್ತಿರಲಿಲ್ಲ.

ಈಗ ಹೊಸ ಡಿಸ್ಕಿನ ವಿಷಯ. ಈಗಿನ ಡಿಸ್ಕುಗಳಲ್ಲಿ ತಿರುಗುವ ತಟ್ಟೆಯೇ ಇಲ್ಲ. ಫ್ಲ್ಯಾಶ್ ಎಂಬ ಚಿಪ್ಪುಗಳಿರುತ್ತವೆ. ಜಪಾನಿನ ತೋಷಿಬಾ ಕಂಪನಿಯಲ್ಲಿದ್ದ ಫುಜಿಯೊ ಮಸುಒಕಾ ಎಂಬುವರು ಇದನ್ನು ಕಂಡುಹಿಡಿದು 1984ರಲ್ಲಿ ಪ್ರಕಟಿಸಿದರು. ಎಲೆಕ್ಟ್ರಾನುಗಳನ್ನು ಕೂಡಿಹಾಕುವ ಕೋಟ್ಯಂತರ ಪುಟ್ಟ ಡಬ್ಬಿಗಳು ಅಂದುಕೊಳ್ಳಿ. ಕರೆಂಟು ಹೋದರೂ ಎಲೆಕ್ಟ್ರಾನು ಒಳಗೇ ಇರುತ್ತೆ. ಮೊಬೈಲಿನಲ್ಲಿ, ಪೆನ್‌ಡ್ರೈವಿನಲ್ಲಿ ಇರುವುದೂ ಇದೇ.

ಆದರೆ ಹೊಸದನ್ನು ಹಳೆಯ ಲ್ಯಾಪ್‌ಟಾಪಿಗೆ ನೇರ ಚುಚ್ಚಲು ಬರುವುದಿಲ್ಲ, ಬಾಯಿಯೇ ಬೇರೆ. 2003ರ ಹೊತ್ತಿಗೆ ಸಾಟಾ ಎಂಬ ತೆಳು ಬಾಯಿ ಬಂತು. ಅದಕ್ಕೆ ಮುಂಚೆ ಇದ್ದದ್ದು ಐಡಿಇ. ಲ್ಯಾಪ್‌ಟಾಪ್ ಐಡಿಇಯಲ್ಲಿ 44 ಪಿನ್ನು, 22ರ ಎರಡು ಸಾಲು, ಪಿನ್ನಿನಿಂದ ಪಿನ್ನಿಗೆ 2 ಮಿ.ಮೀ. 41, 42ನೇ ಪಿನ್ನುಗಳಲ್ಲಿ 5 ವೋಲ್ಟ್ ಕರೆಂಟು ಬರುತ್ತೆ, 43 ನೆಲ. 20ನೇ ಪಿನ್ನು ಬೇಕಂತಲೇ ಇಟ್ಟಿಲ್ಲ, ತಿರುಗಾಮುರುಗಾ ಹಾಕಬಾರದು ಅಂತ. ಆಮೇಲೆ ಸ್ವಲ್ಪ ಜಾಗ ಬಿಟ್ಟು ಇನ್ನೂ 4 ಪಿನ್ನು ಇರುತ್ತವೆ, ಅವು ಬೇರೆ ಕೆಲಸಕ್ಕೆ. ಪಕ್ಕದಲ್ಲಿ ಚಿತ್ರ ಬರೆದಿದ್ದೇನೆ, ಕೆಂಪು ಶಾಯಿಯಲ್ಲಿರುವುದು ಕರೆಂಟಿನ ಪಿನ್ನು. ಕೂರಿಸುವಾಗ ಒಂದು ಸಾಲು ಅತ್ತಿತ್ತ ಸರಿದರೆ ಕರೆಂಟು ಹೋಗಬಾರದ ಕಡೆ ಹೋಗಿ ಹೊಸ ಡಿಸ್ಕು ಸುಟ್ಟೇ ಹೋಗಬಹುದು. ಟಾರ್ಚ್ ಹಿಡಿದು ಎರಡೂ ತುದಿ ನೋಡಿ ಆಮೇಲೆ ಒತ್ತಬೇಕು.

ಮಾವ ಮೂರು ದಾರಿ ಹೇಳಿದರು. ಹಳೇ ಕ್ಯಾಮೆರಾಗಳಲ್ಲಿ ಹಾಕುತ್ತಿದ್ದ ಕಾಂಪ್ಯಾಕ್ಟ್‌ಫ್ಲ್ಯಾಶ್ ಕಾರ್ಡು ಒಂದು. ಸ್ಯಾನ್‌ಡಿಸ್ಕ್ ಕಂಪನಿ 1994ರಲ್ಲಿ ತಂದದ್ದು. ಇದರ ವಿಶೇಷ ಏನೆಂದರೆ ಇದಕ್ಕೆ ಐಡಿಇ ಭಾಷೆ ಹುಟ್ಟಿನಿಂದಲೇ ಬರುತ್ತೆ. ಕರೆಂಟು ಕೊಡುವಾಗ ಅದರ 9ನೇ ಪಿನ್ನು ನೆಲಕ್ಕೆ ಸೇರಿದ್ದರೆ 'ನಾನು ಈಗ ಹಾರ್ಡ್ ಡಿಸ್ಕು' ಅಂತ ತಿಳಿದುಕೊಂಡು ಹಾಗೇ ನಡೆದುಕೊಳ್ಳುತ್ತೆ. 5 ವೋಲ್ಟನ್ನೂ ತಾಳುತ್ತೆ. ಆದ್ದರಿಂದ ಇದರ ಅಡಾಪ್ಟರಿನಲ್ಲಿ ಚಿಪ್ಪು ಬೇಕಿಲ್ಲ, ಬರೀ ತಂತಿಯ ಗೆರೆಗಳು ಸಾಕು. 1990ರ ದಶಕದ ಡಾಸ್, ವಿಂಡೋಸ್ 95 ಲ್ಯಾಪ್‌ಟಾಪಿಗೆ ಇದಕ್ಕಿಂತ ಒಳ್ಳೆಯದಿಲ್ಲ ಅಂತ ಮಾವನ ಅಭಿಪ್ರಾಯ. ಆದರೆ ಬಹಳಷ್ಟು ಕಾರ್ಡು ತಾನು 'ತೆಗೆದು ಹಾಕುವ' ಡಿಸ್ಕು ಅಂತ ಹೇಳಿಕೊಳ್ಳುತ್ತೆ. ವಿಂಡೋಸ್ ಎಕ್ಸ್‌ಪಿ ಅಂಥದ್ದರ ಮೇಲೆ ಕೂರಲು ತಕರಾರು ಮಾಡುತ್ತೆ. ನಮ್ಮದು ಎಕ್ಸ್‌ಪಿ. ಹೀಗಾಗಿ ಈ ದಾರಿ ಬಿಟ್ಟೆವು.

ಎಸ್‌ಡಿ ಕಾರ್ಡು ಹಾಕುವ ಅಡಾಪ್ಟರೂ ಸಿಗುತ್ತೆ, ಅಗ್ಗ. ಎಸ್‌ಡಿ ಕಾರ್ಡಿಗೆ ಐಡಿಇ ಭಾಷೆ ಬಾರದು, ನಡುವೆ ಒಂದು ದುಭಾಷಿ ಚಿಪ್ಪು ಇರುತ್ತೆ. ಫೋಟೋದಂಥ ದೊಡ್ಡ ಫೈಲನ್ನು ಒಂದೇ ಸಮ ಬರೆಯಲು ಮಾಡಿದ ಕಾರ್ಡು ಅದು. ವಿಂಡೋಸ್ ಅಲ್ಲಲ್ಲಿ ಚೂರು ಚೂರು ಬರೆಯುತ್ತಲೇ ಇದ್ದರೆ ಏದುಸಿರು ಬಿಡುತ್ತೆ.

ನಾವು ಹಿಡಿದದ್ದು ಎಂಸಾಟಾ ಎಸ್‌ಎಸ್‌ಡಿ. ಸುಮಾರು 5 ಸೆಂ.ಮೀ. ಉದ್ದ, 3 ಸೆಂ.ಮೀ. ಅಗಲ, ಹೆಚ್ಚುಕಡಿಮೆ ಬೆಂಕಿಪೊಟ್ಟಣದಷ್ಟು. ಎರಡೂವರೆ ಅಂಗುಲದ ಡಿಸ್ಕಿನ ಆಕಾರದ್ದೇ ಒಂದು ಪೆಟ್ಟಿಗೆಯೊಳಗೆ ಇದನ್ನು ಕೂರಿಸಿದರೆ ಒಂದು ತುದಿಯಲ್ಲಿ 44 ಪಿನ್ನಿನ ಬಾಯಿ. ನಡುವೆ ಸಾಟಾವನ್ನು ಐಡಿಇಗೆ ತಿರುಗಿಸುವ ಸೇತುವೆ ಚಿಪ್ಪು. ಇನ್ನೊಂದು ಪುಟ್ಟ ಭಾಗ 5 ವೋಲ್ಟನ್ನು 3.3ಕ್ಕೆ ಇಳಿಸುತ್ತೆ. ಬೆಂಗಳೂರಿನ ಎಸ್.ಪಿ. ರೋಡಿಗೆ ಸಾಮಾನು ತರಲು ಹೋದಾಗ ಮಾವ ಎರಡನ್ನೂ ತಂದರು, 64 ಜಿಬಿಯದ್ದು. ಒಟ್ಟು ಖರ್ಚು ಎರಡು ಸಾವಿರದ ಒಳಗೆ, ಎಸ್‌ಡಿಎಂಸಿಯವರು ಕೊಟ್ಟರು. ತರುವಾಗ ಒಂದು ಎಚ್ಚರ ಬೇಕು. ವೈಫೈ ಕಾರ್ಡು ಕೂಡ ನೋಡಲು ಎಂಸಾಟಾ ಥರವೇ ಇರುತ್ತೆ. ಹೊಸ ಲ್ಯಾಪ್‌ಟಾಪುಗಳ ಎನ್‌ವಿಎಂಇ ಎಂಬ ಉದ್ದನೆಯ ಡಿಸ್ಕು ಈ ಪೆಟ್ಟಿಗೆಯಲ್ಲಿ ನಡೆಯುವುದೇ ಇಲ್ಲ, ಅದರ ಭಾಷೆ ಪೂರ್ತಿ ಬೇರೆ.

64 ಜಿಬಿಯೇ ಯಾಕೆ, ದೊಡ್ಡದು ತರಬಹುದಿತ್ತಲ್ಲ ಅಂತ ನೀವು ಕೇಳಬಹುದು. ಇಲ್ಲಿ ಗಣಿತ ಬರುತ್ತೆ. ತುಂಬಾ ಹಳೆಯ ಲ್ಯಾಪ್‌ಟಾಪುಗಳಿಗೆ ಎಣಿಸಲು ಬರುವುದೇ ಇಷ್ಟು ಅಂತ ಮಿತಿ ಇದೆ. 1990ರ ದಶಕದ ಮೊದಲ ಭಾಗದವು 1024 ಸಿಲಿಂಡರ್, 16 ಹೆಡ್, 63 ಸೆಕ್ಟರ್‌ವರೆಗೆ ಎಣಿಸಬಲ್ಲವು. ಗುಣಿಸಿ ನೋಡಿ: 1024 × 16 × 63 × 512 = 52,84,82,304 ಬೈಟು. ಅಂದರೆ 528 ಎಂಬಿ. ಅದಕ್ಕೆ 64 ಜಿಬಿ ಕೊಟ್ಟರೆ ಕೊಳಗದಲ್ಲಿ ಕೆರೆ ಅಳೆಯಲು ಹೇಳಿದ ಹಾಗೆ. ಆಮೇಲಿನವು ಸೆಕ್ಟರಿಗೆ 28 ಬಿಟ್ಟಿನ ಸಂಖ್ಯೆ ಕೊಟ್ಟವು. 2ರ ಘಾತ 28 ಅಂದರೆ 26,84,35,456. ಅದನ್ನು 512ರಿಂದ ಗುಣಿಸಿದರೆ 1,37,43,89,53,472 ಬೈಟು, ಸುಮಾರು 137 ಜಿಬಿ. (ನಮ್ಮ ಗಣಿತ ಮೇಷ್ಟ್ರು ಕ್ಯಾಲ್ಕುಲೇಟರಿನಲ್ಲಿ ನೋಡಿ ಸರಿ ಅಂದಿದ್ದಾರೆ.) 64 ಎಲ್ಲ ರೀತಿಯಿಂದಲೂ ಕ್ಷೇಮ. ಹಳೆಯದು 40, ಆದ್ದರಿಂದ ನಕಲು ಪೂರ್ತಿ ಹಿಡಿಸುತ್ತೆ. ಉಳಿದ ಜಾಗವನ್ನು ಮಾವ ಖಾಲಿ ಬಿಟ್ಟರು. ಯಾವ ಜಾಗ ಅಳಿಸಿದ್ದು ಅಂತ ಎಸ್‌ಎಸ್‌ಡಿಗೆ ತಿಳಿಸಲು ಎಕ್ಸ್‌ಪಿಗೆ ಬರುವುದಿಲ್ಲ. ಖಾಲಿ ಜಾಗ ಇದ್ದರೆ ಡಿಸ್ಕು ತನ್ನ ಕೆಲಸ ತಾನು ನೋಡಿಕೊಳ್ಳುತ್ತೆ.

ನಕಲನ್ನು ಹೊಸ ಡಿಸ್ಕಿಗೆ ಬರೆದು, ಲ್ಯಾಪ್‌ಟಾಪಿನ ತಳದ ಸ್ಕ್ರೂ ತೆಗೆದು ಜಾರಿಸಿ ಕೂರಿಸಿದರು. ಆನ್ ಮಾಡಿದರೆ ಡಿಸ್ಕೇ ಇಲ್ಲ ಅಂತ ಬಂತು! ಮಾವ ಪೆಟ್ಟಿಗೆ ಹೊರತೆಗೆದು ಪಿನ್ನುಗಳ ಪಕ್ಕದ ಜಂಪರ್ ತೋರಿಸಿದರು. ಐಡಿಇ ತಂತಿಯಲ್ಲಿ ಇಬ್ಬರು ಇರಬಹುದು, ಒಬ್ಬ 'ಮಾಸ್ಟರ್', ಒಬ್ಬ 'ಸ್ಲೇವ್'. ಪೆಟ್ಟಿಗೆ ಸ್ಲೇವ್ ಆಗಿ ಬಂದಿತ್ತು. ಜಂಪರ್ ಬದಲಾಯಿಸಿದ ಮೇಲೆ ವಿಂಡೋಸ್ ಬಂತು. ಹಿಂದೆ ಮೇಷ್ಟ್ರು ಆನ್ ಮಾಡಿ ಕೈಕಾಲು ತೊಳೆದು ಬರುತ್ತಿದ್ದರಂತೆ. ಈಗ ನಾನು ಎಣಿಸಿದೆ, 38 ಸೆಕೆಂಡು. ಐಡಿಇ ದಾರಿ ಕಿರಿದು, ಸೆಕೆಂಡಿಗೆ 133 ಎಂಬಿಗಿಂತ ಹೆಚ್ಚು ಹೋಗದು. ಆದರೂ ತೋಳು ಆಡಬೇಕಿಲ್ಲ, ತಟ್ಟೆ ಸುತ್ತಿ ಬರುವವರೆಗೆ ಕಾಯಬೇಕಿಲ್ಲವಲ್ಲ.

ಎಲ್ಲ ಲ್ಯಾಪ್‌ಟಾಪೂ ಇಷ್ಟು ಸುಲಭ ಅಲ್ಲ. ಥಿಂಕ್‌ಪ್ಯಾಡ್ ಟಿ43 ಎಂಬುದರಲ್ಲಿ ಕಂಪನಿ ಒಪ್ಪದ ಡಿಸ್ಕು ಹಾಕಿದರೆ 2010 ಅಂತ ಒಂದು ಎಚ್ಚರಿಕೆ ಸಂಖ್ಯೆ ಬರುತ್ತೆ. (ಅದು ಇಸವಿ ಅಲ್ಲ.) ಥಿಂಕ್‌ಪ್ಯಾಡ್ ಎಕ್ಸ್40ಯಲ್ಲಿ ಡಿಸ್ಕೇ 1.8 ಅಂಗುಲ. ಆ್ಯಪಲ್ ಕಂಪನಿಯ 1991ರ ಪವರ್‌ಬುಕ್ಕುಗಳಲ್ಲಿ ಐಡಿಇಯೂ ಇಲ್ಲ, ಸ್ಕಸಿ ಎಂಬ ಮೂರನೇ ಭಾಷೆ. ಅದಕ್ಕೆ ಬ್ಲೂಸ್ಕಸಿ ಎಂಬ ಹಲಗೆಯನ್ನು ಹವ್ಯಾಸಿಗಳೇ ಮಾಡಿಕೊಂಡಿದ್ದಾರೆ. ಎಸ್‌ಡಿ ಕಾರ್ಡಿನಲ್ಲಿರುವ ಒಂದು ಫೈಲನ್ನೇ ಅದು ಡಿಸ್ಕು ಅಂತ ತೋರಿಸುತ್ತೆ.

ಫೈಲು ಬೇರೆ ಕಂಪ್ಯೂಟರಿಗೆ ಹಾಕಿಕೊಂಡರೆ ಸಾಲದೇ, ಹಳೇ ಮಿಷನ್ನು ಯಾಕೆ ಅಂತ ನಮ್ಮ ತರಗತಿಯಲ್ಲೇ ವಾದ ಆಯಿತು. ಕಾರಣ ಇದೆ. ಹಳೆಯ ಬರಹ, ನುಡಿ ಫಾಂಟುಗಳಲ್ಲಿ ಇಂಗ್ಲಿಷ್ ಅಕ್ಷರಗಳ ಸಂಖ್ಯೆಯ ಮೇಲೆ ಕನ್ನಡದ ತುಣುಕುಗಳನ್ನು ಕೂರಿಸಿದ್ದರು. ಆ ಫಾಂಟು ಇಲ್ಲದ ಕಡೆ ತೆರೆದರೆ ನುಡಿಯಲ್ಲಿ ಬರೆದ 'ಕನ್ನಡ' ಎಂಬ ಪದ ಇಂಗ್ಲಿಷಿನ ಪಿ, ತಲೆ ಮೇಲೆ ಗೀಟಿರುವ ಎ, ಪೌಂಡ್ ಗುರುತು ಹೀಗೆ ಕಾಣುತ್ತೆ. ಅದನ್ನು ಯುನಿಕೋಡಿಗೆ ಪರಿವರ್ತಿಸುವ ಪ್ರೋಗ್ರಾಮುಗಳಿವೆ, ನಾವೂ ಮಾಡಿದೆವು. ಆದರೆ ಕೆಲವು ಒತ್ತಕ್ಷರ ಎಡವುತ್ತವೆ. ಆಗ ಮೂಲದಲ್ಲಿ ಏನಿತ್ತು ಅಂತ ನೋಡಲು ಹಳೇ ಮಿಷನ್ನೇ ಬೇಕು. ಜೊತೆಗೆ ಮೇಷ್ಟ್ರಿಗೆ ಆ ಕೀಲಿಮಣೆಯೇ ಕೈಗೆ ಹೊಂದಿರುವುದು. ಎಕ್ಸ್‌ಪಿಗೆ ಕಂಪನಿಯವರು 2014ರಲ್ಲೇ ರಕ್ಷಣೆ ನಿಲ್ಲಿಸಿದ್ದರಿಂದ ಇದಕ್ಕೆ ಇಂಟರ್ನೆಟ್ ಹಾಕಿಲ್ಲ, ಯಾರೂ ಹಾಕಬೇಡಿ.

ಓದಲಾಗದ 3 ಎಂಬಿಯಲ್ಲಿ ಹೆಚ್ಚಿನದು ಖಾಲಿ ಜಾಗವೇ ಆಗಿತ್ತು. 143ರಲ್ಲಿ 141 ಹಾಡು ಪೂರ್ತಿ ಸಿಕ್ಕವು. ಎರಡು ಫೈಲುಗಳಲ್ಲಿ ನಡುವೆ ಬರೀ ಸೊನ್ನೆ. ಅದರಲ್ಲಿ ಒಂದು, ರಾಗಿ ಬೀಸೋ ಪದ. ಮೇಷ್ಟ್ರು ಕೇರಿಯ ಅಜ್ಜಿಯೊಬ್ಬರ ಮನೆಗೆ ಹೋಗಿ ಉಳಿದ ಸಾಲು ಓದುತ್ತಿದ್ದ ಹಾಗೇ ಅಜ್ಜಿ ಹೋದ ಸಾಲುಗಳನ್ನು ಹೇಳಿಬಿಟ್ಟರು. ಇನ್ನೊಂದು ಮದುವೆಯಲ್ಲಿ ಹೆಣ್ಣಿಗೆ ಎಣ್ಣೆ ಒತ್ತುವಾಗ ಹೇಳುವ ಸೋಬಾನೆ. ಅದನ್ನು ಹೇಳಿದ್ದ ಅಜ್ಜಿ ತೀರಿಕೊಂಡಿದ್ದಾರೆ, ಉಳಿದಿಬ್ಬರಿಗೂ ಬಾರದು. ಮೊದಲ ನಾಲ್ಕು ಸಾಲು, ಕೊನೆಯ ಎರಡು ಸಾಲು ಮಾತ್ರ ನಮ್ಮ ಹತ್ತಿರ ಇವೆ.

ಫ್ಲ್ಯಾಶ್ ಕೂಡ ಶಾಶ್ವತ ಅಲ್ಲ. ಕರೆಂಟು ಕಾಣದೆ ವರ್ಷಗಟ್ಟಲೆ ಬಿದ್ದಿದ್ದರೆ ಡಬ್ಬಿಯೊಳಗಿನ ಎಲೆಕ್ಟ್ರಾನು ಮೆಲ್ಲಗೆ ಸೋರಬಹುದು. ಅದಕ್ಕೇ ಹಾಡುಗಳ ಇನ್ನೊಂದು ಪ್ರತಿ ಆಫೀಸಿನ ಕಂಪ್ಯೂಟರಿನಲ್ಲಿದೆ, ಒಂದು ಮಾವನ ಅಂಗಡಿಯಲ್ಲಿದೆ, ಕಾಗದದ ಮೇಲೆ ಅಚ್ಚು ಹಾಕಿದ್ದು ಬೀರುವಿನಲ್ಲಿದೆ. ಲ್ಯಾಪ್‌ಟಾಪನ್ನು ತಿಂಗಳ ಮೊದಲ ಶನಿವಾರ ಬೆಳಗಿನ ಶಾಲೆ ಬಿಟ್ಟ ಮೇಲೆ ಆನ್ ಮಾಡುತ್ತೇವೆ. ನೋಡಬೇಕು ಅನ್ನುವವರು ಆಗ ಬನ್ನಿ. ಎಣ್ಣೆ ಒತ್ತುವ ಸೋಬಾನೆಯ ಆ ಆರು ಸಾಲನ್ನು ಈ ಹಾಳೆಯ ಕೆಳಗೆ ಬೇರೆ ಚೀಟಿಯಲ್ಲಿ ಅಂಟಿಸಿದ್ದೇನೆ. ಬರೆದುಕೊಂಡು ಹೋಗಿ ನಿಮ್ಮ ಮನೆಯ ಅಜ್ಜಿಗೆ, ಪಕ್ಕದೂರಿನ ನೆಂಟರಿಗೆ ಓದಿ ಹೇಳಿ. ಯಾರಿಗಾದರೂ ನಡುವಿನ ಸಾಲು ಬಂದರೆ ಹೇಗೆ ಹೇಳಿದರೋ ಹಾಗೇ ಬರೆದು ತಂದುಕೊಡಿ.